‘ಅತಿ’ ಎಲ್ಲಿ ಶುರುವಾಗುತ್ತೆ?

(ಕತೆ ಓದುವವರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಒಂದೇ ಮಾತನ್ನು ಎರಡೆರಡು ಸಲ ಹೇಳಿದ್ದ ಕಡೆ ಕತ್ತರಿ ಹಾಕಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಆಸೆ, ದುರಾಸೆ, ಆಮಿಷ ಇವುಗಳ ಬಗ್ಗೆ ಹಳೆಯ ಸಣ್ಣಕತೆಗಳು ಏನು ಹೇಳುತ್ತವೆ ಅಂತ ಮಾತಾಡಿ ಅಂದರು. ಒಪ್ಪಿಕೊಂಡೆ. ಬರೆಯೋಕೆ ಕೂತಾಗ ಗೊತ್ತಾಯಿತು, ಹೇಳೋಕೆ ಏನೂ ಉಳಿದಿಲ್ಲ ಅಂತ. ‘ಅತಿ ಆಸೆ ಗತಿ ಕೇಡು.’ ನಾಲ್ಕು ಪದ. ಮುಗೀತಲ್ವಾ? ಇಷ್ಟು ಹೇಳೋಕೆ ಟಾಲ್‌ಸ್ಟಾಯ್ ಯಾಕೆ ಬೇಕು, ಚೆಕಾಫ್ ಯಾಕೆ ಬೇಕು?

ಆಮೇಲೆ ಗಾದೆಯನ್ನೇ ಇನ್ನೊಂದು ಸಲ ನೋಡಿದೆ. ಅದು ‘ಆಸೆ ಗತಿ ಕೇಡು’ ಅನ್ನುವುದಿಲ್ಲ. ಆಸೆಯ ಮೇಲೆ ಅದಕ್ಕೆ ತಕರಾರೇ ಇಲ್ಲ. ಇರುವ ತಕರಾರೆಲ್ಲ ಮುಂದೆ ಕೂತಿರುವ ಆ ಎರಡಕ್ಷರದ ಮೇಲೆ. ಸರಿ, ಆ ‘ಅತಿ’ ಎಲ್ಲಿ ಶುರುವಾಗುತ್ತದೆ? ಎಷ್ಟನೇ ಹೆಜ್ಜೆಗೆ? ಗಾದೆ ಅದನ್ನು ಹೇಳದೆ ಕೈ ತೊಳೆದುಕೊಂಡುಬಿಡುತ್ತದೆ. ನಾನು ಓದಿದ ಒಳ್ಳೆಯ ಕತೆಗಳೆಲ್ಲ ಆ ಗೆರೆಯನ್ನೇ ಹುಡುಕುತ್ತಾ ಹೋಗಿವೆ. ಸಿಕ್ಕಿತಾ ಅಂದರೆ, ನೋಡೋಣ.

ಪಂಚತಂತ್ರದ ಐದನೇ ತಂತ್ರದಲ್ಲಿ ನಾಲ್ಕು ಜನ ಬಡ ಗೆಳೆಯರ ಕತೆ ಇದೆ. ದುಡ್ಡು ಹುಡುಕಿಕೊಂಡು ಹೊರಟಿದ್ದಾರೆ. ಭೈರವಾನಂದ ಅನ್ನುವ ಸಿದ್ಧ ನಾಲ್ವರ ಕೈಗೂ ಒಂದೊಂದು ಬತ್ತಿ ಕೊಡುತ್ತಾನೆ. ಹಿಮಾಲಯದ ಕಡೆ ನಡೆಯಿರಿ, ಬತ್ತಿ ಕೈಜಾರಿ ಬಿದ್ದಲ್ಲಿ ಅಗೆಯಿರಿ, ಸಿಕ್ಕಿದ್ದನ್ನು ತಗೊಂಡು ವಾಪಸ್ ಹೋಗಿ ಅನ್ನುತ್ತಾನೆ. ಮೊದಲನೆಯವನ ಬತ್ತಿ ಬಿದ್ದಲ್ಲಿ ತಾಮ್ರ. ಬನ್ನಿ, ಬೇಕಾದಷ್ಟು ತುಂಬಿಕೊಳ್ಳೋಣ ಅಂದ. ಉಳಿದವರು, ತಾಮ್ರ ಎಷ್ಟಿದ್ದರೆ ಏನು, ಬಡತನ ಹೋಗುತ್ತಾ ಅಂತ ಮುಂದೆ ನಡೆದರು. ಎರಡನೆಯವನಿಗೆ ಬೆಳ್ಳಿ ಸಿಕ್ಕಿತು, ಅವನೂ ಅಲ್ಲೇ ನಿಂತ. ಮೂರನೆಯವನಿಗೆ ಚಿನ್ನ. ಇಷ್ಟು ಸಾಕು ಕಣೋ ಅಂದ. ಆಗ ನಾಲ್ಕನೆಯವನು ಹೇಳಿದ: ಮೊದಲು ತಾಮ್ರ, ಆಮೇಲೆ ಬೆಳ್ಳಿ, ಆಮೇಲೆ ಚಿನ್ನ. ಹಾಗಿದ್ದರೆ ಮುಂದೆ ಇರುವುದು ರತ್ನ ತಾನೇ?

ಈ ಲೆಕ್ಕದಲ್ಲಿ ತಪ್ಪೇನಿದೆ ಹೇಳಿ. ಒಂದು ಸಾಲಿನ ಮೊದಲ ಮೂರು ಕೊಟ್ಟು ನಾಲ್ಕನೆಯದು ಯಾವುದು ಅಂತ ಪರೀಕ್ಷೆಯಲ್ಲಿ ಕೇಳಿದರೆ ನೀವೂ ನಾನೂ ರತ್ನ ಅಂತಲೇ ಬರೆಯುತ್ತೇವೆ. ಅವನು ನಡೆದ. ಬಿಸಿಲಲ್ಲಿ ಬೆಂದ, ನೀರಿಗೆ ಬಾಯಿ ಬಿಟ್ಟ. ಮುಂದೆ ಒಬ್ಬ ನಿಂತಿದ್ದಾನೆ. ಅವನ ತಲೆಯ ಮೇಲೆ ಒಂದು ಚಕ್ರ ತಿರುಗುತ್ತಿದೆ, ಮೈಯೆಲ್ಲ ರಕ್ತ. ನೀನು ಯಾರಪ್ಪ, ಇದೇನು ತಲೆ ಮೇಲೆ ಅಂತ ಕೇಳಿದ್ದೇ ತಡ, ಚಕ್ರ ಬಂದು ಇವನ ತಲೆ ಮೇಲೆ ಕೂತಿತು. ಹಳಬ ಬಿಡುಗಡೆಯಾದ. ನಾನೂ ನಿನ್ನ ಹಾಗೇ ಬತ್ತಿ ಹಿಡಿದುಕೊಂಡು ಬಂದವನು, ಆಗ ರಾಮ ಆಳುತ್ತಿದ್ದ ಅಂದ. ಇನ್ನೊಬ್ಬ ಬತ್ತಿ ಹಿಡಿದು ಬಂದು ಮಾತಾಡಿಸುವವರೆಗೆ ಇವನಿಗೆ ಹಸಿವಿಲ್ಲ, ಬಾಯಾರಿಕೆ ಇಲ್ಲ, ನಿದ್ದೆ ಇಲ್ಲ, ಸಾವೂ ಇಲ್ಲ. ನೋವು ಮಾತ್ರ ಇದೆ.

ಎಲ್ಲರೂ ಈ ನಾಲ್ಕನೆಯವನನ್ನು ಬಯ್ಯುತ್ತಾರೆ. ನನ್ನ ಕಣ್ಣು ಮೂರನೆಯವನ ಮೇಲೆ. ಅವನೂ ತಾಮ್ರ ಬೇಡ ಅಂದವನು, ಬೆಳ್ಳಿ ಬೇಡ ಅಂದವನು. ಎರಡು ಸಲ ‘ಮುಂದೆ ಇನ್ನೂ ಒಳ್ಳೆಯದು ಇರಬಹುದು’ ಅಂತ ಗೆಳೆಯರನ್ನು ಹಿಂದೆ ಬಿಟ್ಟು ಬಂದವನು. ಅವನಿಗೆ ಚಿನ್ನ ಸಿಕ್ಕಿತು, ವಿವೇಕಿ ಅನ್ನುವ ಹೆಸರೂ ಸಿಕ್ಕಿತು. ಅವನಿಗೂ ನಾಲ್ಕನೆಯವನಿಗೂ ಇರುವ ವ್ಯತ್ಯಾಸ ಒಂದೇ ಒಂದು ನಿಲ್ದಾಣ. ಕತೆಯ ಜೊತೆ ಬರುವ ಶ್ಲೋಕ ಇನ್ನೂ ಮಜವಾಗಿದೆ. ಅತಿ ಲೋಭ ಮಾಡಬೇಡ, ಹಾಗಂತ ಲೋಭವನ್ನು ಪೂರ್ತಿ ಬಿಟ್ಟುಬಿಡಲೂ ಬೇಡ ಅನ್ನುತ್ತದೆ ಅದು. ಇಷ್ಟು ವ್ಯವಹಾರಸ್ಥ ನೀತಿಯನ್ನು ನಾನು ಬೇರೆ ಕಡೆ ಕಂಡಿಲ್ಲ. ಗೆರೆ ಎಲ್ಲಿದೆ ಅಂತ ಮಾತ್ರ ಅದೂ ಹೇಳಲಿಲ್ಲ. ಚಕ್ರ ತಲೆ ಮೇಲೆ ಕೂತ ಮೇಲೆ, ಓ ಗೆರೆ ದಾಟಿದೆ ಅಂತ ಗೊತ್ತಾಗುತ್ತದೆ, ಅಷ್ಟೇ.

ಈಗ ಟಾಲ್‌ಸ್ಟಾಯ್‌ಗೆ ಬರುತ್ತೇನೆ. ‘ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು?’ 1886ರ ಕತೆ. ಓದದವರಿಗೂ ಇದರ ಕೊನೆ ಗೊತ್ತು: ಆರಡಿ, ಅಂದರೆ ಹೆಣ ಹೂಳೋಕೆ ಬೇಕಾದಷ್ಟು. ಈ ಕೊನೆ ಎಷ್ಟು ಹೆಸರಾಯಿತೆಂದರೆ, ನಡುವೆ ಏನಾಯಿತು ಅಂತ ಕೇಳಿದರೆ ಜನ ತಡವರಿಸುತ್ತಾರೆ. ನನಗೆ ಬೇಕಾಗಿರುವುದು ಆ ನಡುವಿನದೇ.

ಪಾಹೋಮ್ ಒಬ್ಬ ರೈತ. ಹೆಂಡತಿಯೂ ಪೇಟೆಯಿಂದ ಬಂದ ಅವಳ ಅಕ್ಕನೂ ಯಾರ ಬದುಕು ಚೆನ್ನ ಅಂತ ಮಾತಿಗೆ ಮಾತು ಬೆಳೆಸಿದ್ದಾರೆ. ಒಲೆಗಟ್ಟೆಯ ಮೇಲೆ ಮಲಗಿ ಕೇಳುತ್ತಿದ್ದ ಪಾಹೋಮ್‌ಗೆ ಅನ್ನಿಸುತ್ತದೆ, ನಮಗಿರುವ ಕೊರತೆ ಒಂದೇ, ಭೂಮಿ ಸಾಲದು, ಅದೊಂದಿದ್ದರೆ ಸೈತಾನನಿಗೂ ಹೆದರೋನಲ್ಲ ನಾನು. ಸೈತಾನ ಒಲೆಯ ಹಿಂದೆಯೇ ಕೂತಿದ್ದಾನೆ.

ಅವನ ಕೊರತೆ ಸುಳ್ಳಲ್ಲ. ಪಕ್ಕದ ಜಮೀನ್ದಾರಿಣಿಯ ಕಡೆಯ ಉಸ್ತುವಾರಿಯವನು ಬೆಳಗಾದರೆ ದಂಡ ಹಾಕುತ್ತಾನೆ. ಇವನ ಕುದುರೆ ಅವರ ಹೊಲಕ್ಕೆ ನುಗ್ಗಿದರೆ ದಂಡ, ಹಸು ತೋಟಕ್ಕೆ ಹೋದರೆ ದಂಡ, ಕರು ಹುಲ್ಲುಗಾವಲಿಗೆ ಹೋದರೂ ದಂಡ. ಆ ಜಮೀನು ಮಾರಾಟಕ್ಕೆ ಬಂದಾಗ ಪಾಹೋಮ್ ಒಂದು ಕುದುರೆ ಮರಿ ಮಾರುತ್ತಾನೆ, ಸಾಕಿದ ಜೇನಿನಲ್ಲಿ ಅರ್ಧ ಮಾರುತ್ತಾನೆ, ಮಗನನ್ನು ಕೂಲಿಗೆ ಇಟ್ಟು ಮುಂಗಡ ತರುತ್ತಾನೆ, ಬಂಧುವಿನ ಹತ್ತಿರ ಸಾಲ ಮಾಡುತ್ತಾನೆ. ಇದು ದುರಾಸೆಯಾ? ಇದನ್ನು ನಾವು ಶ್ರಮಜೀವಿ ಅಂತ ಹೊಗಳುತ್ತೇವೆ.

ಜಮೀನು ಬಂತು. ಮುಂದಿನ ಸಾಲುಗಳನ್ನು ಟಾಲ್‌ಸ್ಟಾಯ್ ದನಿ ಏರಿಸದೆ ಬರೆಯುತ್ತಾರೆ. ಈಗ ಅಕ್ಕಪಕ್ಕದವರ ಹಸು ಪಾಹೋಮ್‌ನ ಹೊಲಕ್ಕೆ ನುಗ್ಗುತ್ತದೆ. ಮೊದಮೊದಲು ಸುಮ್ನೆ ಓಡಿಸುತ್ತಾನೆ. ಪಾಪ, ಅವರಿಗೆ ಜಾಗ ಸಾಲದು, ಬೇಕಂತ ಮಾಡಿದ್ದಲ್ಲ ಅಂತ ಅವನಿಗೆ ಗೊತ್ತು. ಯಾಕೆ ಗೊತ್ತು? ನಿನ್ನೆಯವರೆಗೆ ತಾನೂ ಅಲ್ಲೇ ಇದ್ದ. ಆದರೂ ಒಂದು ದಿನ, ಹೀಗೇ ಬಿಟ್ಟರೆ ಎಲ್ಲ ಮೇಯ್ದುಬಿಡುತ್ತಾರೆ, ಒಂದು ಪಾಠ ಕಲಿಸಬೇಕು ಅಂದುಕೊಂಡು ಕೋರ್ಟಿಗೆ ಹೋಗುತ್ತಾನೆ. ಒಬ್ಬನಿಗೆ ದಂಡ ಹಾಕಿಸುತ್ತಾನೆ, ಇನ್ನೊಬ್ಬನಿಗೆ ಹಾಕಿಸುತ್ತಾನೆ. ಕೊನೆಯ ಆರಡಿಗಿಂತ ನನ್ನನ್ನು ಅಲ್ಲಾಡಿಸಿದ ಜಾಗ ಇದು. ಭೂಮಿ ಜಾಸ್ತಿಯಾಯಿತು ಅನ್ನುವುದಲ್ಲ, ಅವನು ಗೊತ್ತಿಲ್ಲದ ಹಾಗೆ ಆ ಉಸ್ತುವಾರಿಯವನೇ ಆಗಿಬಿಟ್ಟ.

ಆಮೇಲೆ ವೋಲ್ಗಾ ನದಿಯ ಆಚೆ ಹೋಗುತ್ತಾನೆ, ಅಲ್ಲಿಂದ ಬಷ್ಕೀರರು ಅನ್ನುವ ಹುಲ್ಲುಗಾವಲಿನ ಜನರ ಸೀಮೆಗೆ. ಅಲ್ಲಿಯ ಷರತ್ತು ನಿಮಗೆ ಗೊತ್ತಿರುತ್ತದೆ. ಒಂದು ದಿನಕ್ಕೆ ಸಾವಿರ ರೂಬಲ್. ಸೂರ್ಯ ಹುಟ್ಟಿದಾಗ ಹೊರಟು ಮುಳುಗುವುದರೊಳಗೆ ಹೊರಟಲ್ಲಿಗೇ ಬಂದರೆ ಸುತ್ತಿದಷ್ಟೂ ನಿನ್ನದು. ಬರದಿದ್ದರೆ ದುಡ್ಡು ಹೋಯಿತು. ಗುರುತಿಗೆ ದಿಬ್ಬದ ಮೇಲೆ ಮುಖ್ಯಸ್ಥ ತನ್ನ ನರಿಚರ್ಮದ ಟೋಪಿ ಇಡುತ್ತಾನೆ. ಪಾಹೋಮ್ ನಡೆಯುತ್ತಾನೆ. ಬಿಸಿಲೇರುತ್ತದೆ. ಬೂಟು ಕಳಚುತ್ತಾನೆ. ಇನ್ನೇನು ತಿರುಗಬೇಕು, ಅಷ್ಟರಲ್ಲಿ ತೇವ ಹಿಡಿದಿರುವ ಒಂದು ತಗ್ಗು ಕಣ್ಣಿಗೆ ಬೀಳುತ್ತದೆ. ಅಗಸೆಗೆ ಹೇಳಿ ಮಾಡಿಸಿದ ಜಾಗ, ಬಿಡೋಕೆ ಮನಸ್ಸಾಗಲ್ಲ. ಅದನ್ನೂ ಸುತ್ತಿಕೊಂಡು ಹೋಗುತ್ತಾನೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಹುಡುಗನಾಗಿದ್ದಾಗ ಈ ಕತೆ ಮೊದಲ ಸಲ ಓದಿದಾಗ, ಆ ತಗ್ಗು ಬಂದಾಗ ನಾನು ‘ತಗೋ, ತಗೋ’ ಅಂದುಕೊಂಡಿದ್ದೆ. ಅಷ್ಟು ಒಳ್ಳೆ ಜಾಗ ಬಿಟ್ಟು ಬರುತ್ತಾನಲ್ಲ ಅಂತ ನನಗೇ ಸಂಕಟ. ಟಾಲ್‌ಸ್ಟಾಯ್ ನನ್ನನ್ನು ಪಾಹೋಮ್‌ನ ಜೊತೆ ಓಡಿಸಿಬಿಟ್ಟಿದ್ದರು. ಅವನು ಕೊನೆಗೆ ದಿಬ್ಬದ ಬುಡಕ್ಕೆ ಬಂದಾಗ ಅವನ ಪಾಲಿಗೆ ಸೂರ್ಯ ಮುಳುಗಿದೆ. ಮೇಲೆ ನಿಂತವರಿಗೆ ಇನ್ನೂ ಕಾಣುತ್ತಿದೆ, ಅದಕ್ಕೇ ಕೂಗಿ ಕರೆಯುತ್ತಿದ್ದಾರೆ. ಕೆಳಗೆ ನಿಂತವನಿಗೆ ಮುಗಿದುಹೋದ ದಿನ ಮೇಲೆ ನಿಂತವರಿಗೆ ಇನ್ನೂ ಉಳಿದಿದೆ. ಮತ್ತೆ ಓಡುತ್ತಾನೆ. ಟೋಪಿಗೆ ಕೈ ತಾಗಿಸಿಯೇ ಬೀಳುತ್ತಾನೆ. ಅಂದರೆ ಪಂದ್ಯ ಗೆದ್ದ, ಇದನ್ನೂ ಜನ ಮರೆಯುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ಕುಚೋದ್ಯದ್ದು. ಇದನ್ನು ಬರೆದ ಟಾಲ್‌ಸ್ಟಾಯ್ ಅದಕ್ಕೆ ಹತ್ತು ಹದಿನೈದು ವರ್ಷ ಮುಂಚೆ ಅದೇ ಬಷ್ಕೀರರ ಸೀಮೆಯ ಕಡೆ, ಸಮಾರಾ ಪ್ರಾಂತ್ಯದಲ್ಲಿ, ಸಾವಿರಾರು ಎಕರೆ ಕೊಂಡವರು. ಆ ತಗ್ಗನ್ನು ಅವರು ಅಷ್ಟು ಆಸೆಯಿಂದ ವರ್ಣಿಸಿದ್ದು ಸುಮ್ನೆ ಅಲ್ಲ.

ಟಾಲ್‌ಸ್ಟಾಯ್‌ಗೆ ಎದುರು ಮಾತು ಹೇಳಿದವರು ಚೆಕಾಫ್. 1898ರ ‘ಗೂಸ್‌ಬೆರಿ’ ಕತೆಯಲ್ಲಿ ಒಂದು ಪಾತ್ರ ಹೇಳುತ್ತದೆ: ಮನುಷ್ಯನಿಗೆ ಆರಡಿ ಸಾಕು ಅನ್ನುತ್ತಾರೆ, ಆದರೆ ಆರಡಿ ಬೇಕಾಗುವುದು ಹೆಣಕ್ಕೆ, ಮನುಷ್ಯನಿಗೆ ಇಡೀ ಭೂಗೋಳವೇ ಬೇಕು. ಹೀಗೆ ಹೇಳುವವನು ಇವಾನ್. ಅವನ ತಮ್ಮ ನಿಕೊಲಾಯ್ ಒಬ್ಬ ಗುಮಾಸ್ತ. ಜೀವಮಾನವೆಲ್ಲ ಅವನಿಗೆ ಒಂದೇ ಕನಸು, ಸ್ವಂತದ್ದೊಂದು ಎಸ್ಟೇಟು, ಅದರಲ್ಲಿ ಗೂಸ್‌ಬೆರಿ ಗಿಡ. ಅದಕ್ಕಾಗಿ ಹೊಟ್ಟೆ ಬಟ್ಟೆ ಕಟ್ಟಿದ. ದುಡ್ಡಿದೆ ಅಂತ ವಯಸ್ಸಾದ ಒಬ್ಬ ವಿಧವೆಯನ್ನು ಮದುವೆಯಾದ, ಅವಳ ದುಡ್ಡನ್ನು ತನ್ನ ಹೆಸರಿಗೆ ಬ್ಯಾಂಕಿಗೆ ಹಾಕಿ ಅವಳನ್ನು ಅರೆಹೊಟ್ಟೆಯಲ್ಲಿ ಇಟ್ಟ. ಮೂರು ವರ್ಷದೊಳಗೆ ಅವಳು ಸತ್ತಳು. ತನ್ನಿಂದ ಸತ್ತಳು ಅಂತ ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಇಷ್ಟಾದ ಮೇಲೆ ಅವನಿಗೆ ಏನು ಶಿಕ್ಷೆ? ಏನೂ ಇಲ್ಲ. ಎಸ್ಟೇಟು ಬಂತು. ಅಣ್ಣ ನೋಡೋಕೆ ಹೋದಾಗ ಮೊದಲ ಬೆಳೆಯ ಹಣ್ಣು ತಟ್ಟೆಯಲ್ಲಿ ಬಂತು. ನಿಕೊಲಾಯ್ ಕಣ್ಣಲ್ಲಿ ನೀರು. ಒಂದನ್ನು ಬಾಯಿಗೆ ಹಾಕಿಕೊಂಡು, ಆಸೆಪಟ್ಟ ಆಟದ ಸಾಮಾನು ಕೊನೆಗೂ ಕೈಗೆ ಸಿಕ್ಕ ಮಗುವಿನ ಹಾಗೆ ಅಣ್ಣನನ್ನು ನೋಡಿ, ಎಷ್ಟು ರುಚಿ ಅಂದ. ಹಣ್ಣು ಗಟ್ಟಿ, ಹುಳಿ. ರಾತ್ರಿ ಅಣ್ಣನಿಗೆ ಪಕ್ಕದ ಕೋಣೆಯಿಂದ ಸದ್ದು ಕೇಳುತ್ತದೆ. ತಮ್ಮನಿಗೆ ನಿದ್ದೆ ಬಂದಿಲ್ಲ. ಮತ್ತೆ ಮತ್ತೆ ಎದ್ದು ತಟ್ಟೆಯ ಹತ್ತಿರ ಹೋಗಿ ಒಂದೊಂದೇ ಹಣ್ಣು ತಿನ್ನುತ್ತಿದ್ದಾನೆ.

ಟಾಲ್‌ಸ್ಟಾಯ್‌ಗಿಂತ ಇದು ಜಾಸ್ತಿ ಭಯ ಹುಟ್ಟಿಸುತ್ತದೆ, ನನಗೆ. ಪಾಹೋಮ್ ಸತ್ತ, ಲೆಕ್ಕ ಚುಕ್ತಾ ಆಯಿತು, ನಾವು ನೆಮ್ಮದಿಯಾಗಿ ಪುಸ್ತಕ ಮುಚ್ಚಬಹುದು. ನಿಕೊಲಾಯ್ ಸುಖವಾಗಿದ್ದಾನೆ. ಗತಿ ಕೆಡಲೇ ಇಲ್ಲ. ಕೆಟ್ಟಿದ್ದರೆ ಅದು ಆ ಹೆಂಗಸಿನದು. ಅದೇ ಕತೆಯಲ್ಲಿ ಒಂದೇ ಉಸಿರಿಗೆ ಬಂದು ಹೋಗುವ ಇನ್ನೊಬ್ಬನಿದ್ದಾನೆ. ದನದ ವ್ಯಾಪಾರಿ, ರೈಲಿನ ಕೆಳಗೆ ಸಿಕ್ಕಿ ಕಾಲು ತುಂಡಾಗಿದೆ. ರಕ್ತ ಸುರಿಯುತ್ತಿದೆ. ಅವನು ಕಾಲು ಹುಡುಕಿ, ಕಾಲು ಹುಡುಕಿ ಅಂತ ಗೋಗರೆಯುತ್ತಿದ್ದಾನೆ. ಆ ಬೂಟಿನೊಳಗೆ ಇಪ್ಪತ್ತು ರೂಬಲ್ ಇತ್ತು. ಹಣ ಅಂದರೆ ಹೆಣವೂ ಬಾಯಿ ಬಿಡುತ್ತೆ ಅನ್ನುವ ನಮ್ಮ ಗಾದೆ ನೆನಪಾಗುತ್ತದೆ, ಅಲ್ವಾ? ವ್ಯತ್ಯಾಸ ಅಂದರೆ ಇಲ್ಲಿ ನಗು ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲಿಯವರೆಗೆ ನಾನು ಆಸೆಯ ಬಗ್ಗೆ ಮಾತಾಡಿದೆ. ಆಮಿಷ ಸ್ವಲ್ಪ ಬೇರೆ. ಆಸೆ ಒಳಗಿಂದ ಏಳುತ್ತದೆ, ಆಮಿಷವನ್ನು ಯಾರೋ ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಮಾರ್ಕ್ ಟ್ವೇನ್ 1899ರಲ್ಲಿ ಬರೆದ, ಹ್ಯಾಡ್ಲಿಬರ್ಗ್ ಅನ್ನುವ ಊರನ್ನು ಕೆಡಿಸಿದವನ ಕತೆಯಲ್ಲಿ ಅಕ್ಷರಶಃ ಹಾಗೇ ಆಗುತ್ತದೆ. ಆ ಊರು ಪ್ರಾಮಾಣಿಕತೆಗೆ ಹೆಸರುವಾಸಿ. ‘ನಮ್ಮನ್ನು ಆಮಿಷದ ದಾರಿಗೆ ಎಳೆಯಬೇಡ’ ಅನ್ನುವುದು ಊರಿನ ಮುದ್ರೆಯ ಮೇಲಿರುವ ವಾಕ್ಯ. ಮಕ್ಕಳ ಹತ್ತಿರ ಯಾವ ಆಮಿಷವೂ ಸುಳಿಯದ ಹಾಗೆ ಬೆಳೆಸುತ್ತಾರೆ. ಆ ಊರಿನ ಮೇಲೆ ಸಿಟ್ಟಿರುವ ಒಬ್ಬ ಅಪರಿಚಿತ ಒಂದು ರಾತ್ರಿ ವಯಸ್ಸಾದ ರಿಚರ್ಡ್ಸ್ ದಂಪತಿಯ ಮನೆಗೆ ಬಂದು ಒಂದು ಮೂಟೆ ಇಟ್ಟು ಹೋಗುತ್ತಾನೆ. ಒಳಗೆ 40 ಸಾವಿರ ಡಾಲರ್ ಬೆಲೆಯ ಚಿನ್ನ ಇದೆಯಂತೆ. ಹಿಂದೆ ಕಷ್ಟಕಾಲದಲ್ಲಿ ತನಗೆ ಈ ಊರಿನ ಯಾರೋ ಸಹಾಯ ಮಾಡಿದ್ದರು, ಒಂದು ಮಾತೂ ಹೇಳಿದ್ದರು, ಆ ಮಾತನ್ನು ಸರಿಯಾಗಿ ಹೇಳಿದವರಿಗೆ ಈ ಮೂಟೆ ಕೊಡಿ ಅಂತ ಚೀಟಿ.

ಆ ರಾತ್ರಿಯನ್ನು ನೋಡಬೇಕು ನೀವು. ರಿಚರ್ಡ್ಸ್ ಪ್ರಾಮಾಣಿಕವಾಗಿ ಹೋಗಿ ಪತ್ರಿಕೆಯ ಕಾಕ್ಸ್‌ಗೆ ಸುದ್ದಿ ಕೊಟ್ಟು ಬರುತ್ತಾನೆ. ಬಂದು ಹೆಂಡತಿಯ ಜೊತೆ ಕೂತ ಮೇಲೆ ಇಬ್ಬರಿಗೂ ನಿಧಾನವಾಗಿ ಹೊಳೆಯುತ್ತದೆ: ಅಯ್ಯೋ, ಯಾರಿಗೂ ಹೇಳದೆ ಇದ್ದಿದ್ದರೆ? ರಿಚರ್ಡ್ಸ್ ಎದ್ದು ಓಡುತ್ತಾನೆ. ಅತ್ತ ಕಾಕ್ಸ್ ಮನೆಯಲ್ಲೂ ಇದೇ ಮಾತು ನಡೆದಿದೆ, ಅವನೂ ಓಡಿ ಬರುತ್ತಿದ್ದಾನೆ. ಮುದ್ರಣಾಲಯದ ಹತ್ತಿರ ಕತ್ತಲಲ್ಲಿ ಇಬ್ಬರೂ ಎದುರಾಗುತ್ತಾರೆ. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ತಾನೇ ಅಂತ ಪಿಸುಮಾತು. ಅಷ್ಟರಲ್ಲಿ ಅಂಚೆ ಹೊರಟುಹೋಗಿದೆ.

ಮುಂದಿನದು ಇನ್ನೂ ಚೆನ್ನ. ಊರಿನ 19 ದೊಡ್ಡ ಮನುಷ್ಯರಿಗೂ ಒಂದೊಂದು ಕಾಗದ ಬರುತ್ತದೆ. ಆ ಮಾತು ಹೇಳಿದವನು ಗುಡ್‌ಸನ್, ಈಗಿಲ್ಲ, ನೀನು ಅವನಿಗೆ ಹಿಂದೆ ಏನೋ ಉಪಕಾರ ಮಾಡಿದ್ದೆಯಂತೆ, ಹಾಗಾಗಿ ಮೂಟೆ ನಿನಗೇ ಸೇರಬೇಕು, ಇಗೋ ಆ ಮಾತು ಅಂತ. ರಿಚರ್ಡ್ಸ್ ಈಗ ತಾನು ಮಾಡದ ಉಪಕಾರವನ್ನು ನೆನಪಿಸಿಕೊಳ್ಳೋಕೆ ಕೂರುತ್ತಾನೆ. ನೀರಲ್ಲಿ ಮುಳುಗುತ್ತಿದ್ದ ಗುಡ್‌ಸನ್‌ನನ್ನು ಎಳೆದು ತಂದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ದಡದಲ್ಲಿ ಜನ ಸೇರಿದ್ದಾರೆ, ಚಪ್ಪಾಳೆ ತಟ್ಟುತ್ತಿದ್ದಾರೆ. ಆಮೇಲೆ ಅನುಮಾನ. ಹಾಗಾಗಿದ್ದರೆ ಊರಿಗೆಲ್ಲ ಗೊತ್ತಿರಬೇಕಿತ್ತು. ಅದೂ ಅಲ್ಲದೆ, ತನಗೆ ಈಜು ಬರುವುದಿಲ್ಲ.

ಹತ್ತೊಂಬತ್ತು ಮನೆಗಳಲ್ಲೂ ಅದೇ ಹುಡುಕಾಟ ನಡೆದಿದೆ. ಕದಿಯುತ್ತೇನೆ ಅಂತ ಒಬ್ಬರೂ ಅಂದುಕೊಂಡಿಲ್ಲ. ಎಲ್ಲರೂ ತಮಗೆ ನ್ಯಾಯವಾಗಿ ಬರಬೇಕಾದ್ದನ್ನು ಹುಡುಕುತ್ತಿದ್ದಾರೆ. ಆಮಿಷ ಕಿವಿಯಲ್ಲಿ ‘ತಪ್ಪು ಮಾಡು’ ಅಂತ ಎಂದೂ ಹೇಳುವುದಿಲ್ಲ, ‘ಇದು ನಿನ್ನದೇ’ ಅನ್ನುತ್ತದೆ. ಮೂಟೆಯಲ್ಲಿ ಇದ್ದದ್ದು ಚಿನ್ನದ ಗಿಲೀಟು ಮಾಡಿದ ಸೀಸದ ಬಿಲ್ಲೆ. ಕೊನೆಗೆ ಊರು ಹೆಸರು ಬದಲಾಯಿಸಿಕೊಳ್ಳುತ್ತದೆ, ಮುದ್ರೆಯ ವಾಕ್ಯದಿಂದ ಆ ‘ಬೇಡ’ವನ್ನು ಕಿತ್ತುಹಾಕುತ್ತದೆ.

ಇಲ್ಲಿ ಒಂದು ಜಗಳ ಇದೆ ನನಗೆ. ದುರಾಸೆಯ ಕತೆಗಳ ಪಟ್ಟಿ ಮಾಡುವವರು ಮೊಪಾಸಾನ ‘ನೆಕ್ಲೇಸ್’ ಕತೆಯನ್ನು ತಪ್ಪದೆ ಸೇರಿಸುತ್ತಾರೆ. 1884ರದ್ದು. ಮಟಿಲ್ಡಾ ಒಂದು ಸಂಜೆಗೆ ಗೆಳತಿಯ ಹಾರ ಕಡ ತಂದು ಕಳೆದುಕೊಳ್ಳುತ್ತಾಳೆ. 36 ಸಾವಿರ ಫ್ರಾಂಕ್ ಕೊಟ್ಟು ಅಂಥದ್ದೇ ಹಾರ ತಂದು ಒಪ್ಪಿಸಿ, ಹತ್ತು ವರ್ಷ ಸಾಲ ತೀರಿಸಿದ ಮೇಲೆ ಗೊತ್ತಾಗುತ್ತದೆ, ಕಳೆದದ್ದು ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು. ಇದು ದುರಾಸೆಗೆ ಆದ ಶಿಕ್ಷೆ ಅಂತೀರಾ? ಒಂದು ರಾತ್ರಿ ಚೆನ್ನಾಗಿ ಕಾಣಬೇಕು ಅಂದುಕೊಂಡದ್ದಕ್ಕೆ ಹತ್ತು ವರ್ಷವಾ? ಅವಳ ಗತಿ ಕೆಡಿಸಿದ್ದು ಆಸೆಯಲ್ಲ. ‘ಕಳೆದುಹೋಯಿತು ಕಣೇ’ ಅಂತ ಒಂದು ಮಾತು ಹೇಳೋಕೆ ಆಗದ ನಾಚಿಕೆ. ಗಂಡನ ಜೊತೆ ಸೇರಿ ಪೂರ್ತಿ ಬೆಲೆ ತೆತ್ತ ಮರ್ಯಾದೆಯೂ ಅದರ ಜೊತೆಗಿದೆ. ಆ ಕತೆಯನ್ನು ಪಟ್ಟಿಯಿಂದ ತೆಗೆಯಿರಿ ಅನ್ನುವುದು ನನ್ನ ಬೇಡಿಕೆ.

ಜೇಕಬ್ಸ್‌ನ ‘ಕೋತಿಯ ಪಂಜ’ವೂ ಹಾಗೇ. ಮೂರು ಬಯಕೆ ಈಡೇರಿಸುವ ಪಂಜ ಕೈಗೆ ಬಂದಾಗ ಮುದುಕ, ಬೇಕಾದ್ದೆಲ್ಲ ಇದೆ ನನಗೆ ಅನ್ನುತ್ತಾನೆ. ಮಗನ ಒತ್ತಾಯಕ್ಕೆ 200 ಪೌಂಡ್ ಕೇಳುತ್ತಾನೆ, ಮನೆ ಸಾಲ ತೀರಿಸೋಕೆ. ಮರುದಿನ ಮಗ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಾರ್ಖಾನೆಯವರು ಕೊಡುವ ಪರಿಹಾರ 200 ಪೌಂಡ್. ಅಷ್ಟು ಚಿಕ್ಕ ಆಸೆಯನ್ನು ‘ಅತಿ’ ಅನ್ನುವವರು ಯಾರೂ ಇಲ್ಲ. ಈ ಕತೆ ಭಯ ಹುಟ್ಟಿಸುವುದೇ ಅದಕ್ಕೆ.

ಕೊನೆಯದಾಗಿ ಪ್ರೇಮಚಂದರ ‘ಕಫನ್’. ಬರೆದದ್ದು 1930ರ ದಶಕದ ನಡುವೆ, ಅವರ ಕೊನೆಯ ವರ್ಷಗಳಲ್ಲಿ. ಗುಡಿಸಲ ಹೊರಗೆ ಅಪ್ಪ ಘೀಸೂ, ಮಗ ಮಾಧವ. ಆರುತ್ತಿರುವ ಬೆಂಕಿಯಲ್ಲಿ ಕದ್ದು ತಂದ ಆಲೂಗಡ್ಡೆ. ಒಳಗೆ ಮಾಧವನ ಹೆಂಡತಿ ಬುಧಿಯಾ ಹೆರಿಗೆ ನೋವಿನಲ್ಲಿ ಕಿರುಚುತ್ತಿದ್ದಾಳೆ. ಹೋಗಿ ನೋಡಿ ಬಾ ಅನ್ನುತ್ತಾನೆ ಅಪ್ಪ. ಮಗ ಏಳುವುದಿಲ್ಲ. ತಾನು ಒಳಗೆ ಹೋದರೆ ಅಪ್ಪ ಆಲೂಗಡ್ಡೆ ಜಾಸ್ತಿ ತಿಂದುಬಿಡುತ್ತಾನೆ ಅಂತ ಹೆದರಿಕೆ. ಬಿಸಿ ಆರುವುದಕ್ಕೂ ಕಾಯದೆ ಇಬ್ಬರೂ ನುಂಗುತ್ತಾರೆ, ನಾಲಿಗೆ, ಗಂಟಲು ಸುಟ್ಟುಕೊಂಡು. ಬೆಳಗ್ಗೆ ಬುಧಿಯಾ ಸತ್ತಿರುತ್ತಾಳೆ. ಹೆಣಕ್ಕೆ ಬಟ್ಟೆ ತರೋಕೆ ಬೇಡಿ ತಂದ ಐದು ರೂಪಾಯಿ ಹೆಂಡದಂಗಡಿಯಲ್ಲಿ ಕರಗುತ್ತದೆ. ಬದುಕಿದ್ದಾಗ ಮೈ ಮುಚ್ಚೋಕೆ ಚಿಂದಿ ಸಿಗದವಳಿಗೆ ಸತ್ತ ಮೇಲೆ ಹೊಸ ಬಟ್ಟೆ, ಇದೆಂಥ ಪದ್ಧತಿ ಅಂತ ಮಾತಾಡಿಕೊಳ್ಳುತ್ತಾರೆ. ತಟ್ಟೆಯಲ್ಲಿ ಉಳಿದ ಪೂರಿಯನ್ನು ಒಬ್ಬ ಭಿಕ್ಷುಕನಿಗೂ ಕೊಡುತ್ತಾರೆ.

ನಿಕೊಲಾಯ್‌ನ ಗೂಸ್‌ಬೆರಿಯನ್ನೂ ಈ ಆಲೂಗಡ್ಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ಕಡೆಯೂ ಒಬ್ಬ ಹೆಂಗಸು ಸತ್ತಿದ್ದಾಳೆ, ಎರಡು ಕಡೆಯೂ ಗಂಡಸರು ತಿನ್ನುತ್ತಿದ್ದಾರೆ. ಒಬ್ಬನನ್ನು ಊರು ದಣಿ ಅನ್ನುತ್ತದೆ, ಇನ್ನಿಬ್ಬರನ್ನು ನೀಚರು ಅನ್ನುತ್ತದೆ. ಅತಿ ಅನ್ನುವ ಮಾತು ನಾವು ಬೇಗ ಯಾರಿಗೆ ಅಂಟಿಸುತ್ತೇವೆ ಅಂತ ಪ್ರೇಮಚಂದರು ಕೇಳುತ್ತಿರುವ ಹಾಗಿದೆ. ನೇರವಾಗಿ ಕೇಳುವುದಿಲ್ಲ. ಇಬ್ಬರನ್ನೂ ಕುಡಿಸಿ, ಕುಣಿಸಿ, ಅಲ್ಲೇ ಬೀಳಿಸಿ ಸುಮ್ಮನಾಗುತ್ತಾರೆ.

ಅಷ್ಟರಲ್ಲಿ ಅಧ್ಯಕ್ಷರಿಂದ ಚೀಟಿ ಬಂತು, ಐದು ನಿಮಿಷ ಅಂತ. ಅದು ಎರಡನೇ ಚೀಟಿ. ಮೊದಲನೆಯದನ್ನು ನಾನು ಪುಸ್ತಕದ ಕೆಳಗೆ ಇಟ್ಟುಬಿಟ್ಟಿದ್ದೆ. ಮಾತಾಡುವವರ ಆಸೆ ನಿಮಿಷಗಳದ್ದು. ಸರಿ ಅಂತ ನಿಲ್ಲಿಸಿದೆ.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಪಾಹೋಮ್ ಆ ತೇವದ ತಗ್ಗು ಬಿಟ್ಟು ತಿರುಗಿದ್ದರೆ ಬದುಕುತ್ತಿದ್ದನಾ?”

ಖಂಡಿತ ಬದುಕುತ್ತಿದ್ದ ಅಂದೆ. ಹೊತ್ತಿರುವಾಗಲೇ ಟೋಪಿ ಮುಟ್ಟಿ, ಬಷ್ಕೀರರ ಜೊತೆ ಕೂತು ನಕ್ಕು, ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ಕರಕೊಂಡು ಬರುತ್ತಿದ್ದ. ಮುಂದಿನ ವರ್ಷ ಯಾರದೋ ಹಸು ಅವನ ಹೊಲಕ್ಕೆ ನುಗ್ಗುತ್ತಿತ್ತು. ಮೊದಲು ಸುಮ್ನೆ ಓಡಿಸುತ್ತಿದ್ದ.